ಕೊಯ್ಲಿಗೆ ಮುನ್ನ ಗಿಡಕ್ಕೆ ಬರೀ ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ನೆಲೆಸಿದ್ದೇವೆ. ಇಲ್ಲಿ ಮನೆಯೊಂದಕ್ಕೆ ನಾಲ್ಕು ಗಾಂಜಾ ಗಿಡ ಬೆಳೆಸಿಕೊಳ್ಳಲು ಕಾನೂನಿನ ಅವಕಾಶವಿದೆ. ನನ್ನ ಪತಿಯ ನರದ ನೋವಿಗೆ ವೈದ್ಯರು ಇದನ್ನು ಸೂಚಿಸಿರುವುದರಿಂದ ಕೊಕೊಪೀಟ್ (ತೆಂಗಿನ ಸಿಪ್ಪೆಯ ಪುಡಿ) ತುಂಬಿದ ಕುಂಡಗಳಲ್ಲಿ ಎರಡು ಗಿಡ ಬೆಳೆಸಿದ್ದೇವೆ. ಕೊಯ್ಲಿಗೆ ಎರಡು ವಾರ ಮೊದಲೇ ಗೊಬ್ಬರ ನಿಲ್ಲಿಸಿ, ಕುಂಡದ ಗಾತ್ರದ ಮೂರು ಪಟ್ಟು ಬರೀ ನೀರನ್ನು ಮತ್ತೆ ಮತ್ತೆ ಹಾಯಿಸಿ ಗಿಡವನ್ನು ತೊಳೆಯಬೇಕು, ಇಲ್ಲವಾದರೆ ರಾಸಾಯನಿಕವೆಲ್ಲ ಹೂವಿನಲ್ಲೇ ಉಳಿದು ಗಂಟಲು ಉರಿಯುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಅದಕ್ಕೆಂದೇ ಒಂದು ದ್ರಾವಣದ ಬಾಟಲಿಯನ್ನೂ ಕೊಟ್ಟಿದ್ದಾರೆ. ಎಲೆಗಳು ಹಳದಿಯಾದರೆ ಗಿಡ ಶುದ್ಧವಾಗುತ್ತಿದೆ ಎಂದು ತಿಳಿಯಬೇಕಂತೆ. ಇದು ನಿಜವೇ?
– ಓದುಗರು, ಕಿಚನರ್, ಕೆನಡಾ

ಉತ್ತರ: ನಿಮ್ಮ ಎರಡು ಗಿಡಗಳಿಗೆ ಎರಡು ವಾರಗಳ ಈ ತೊಳೆತದ ಅಗತ್ಯವಿಲ್ಲ. ಹೀಗೆ ನೀರು ಹಾಯಿಸಿದ್ದರಿಂದ ಹೂವು ಶುದ್ಧವಾಯಿತೆಂದು ತೋರಿಸುವ ಗಟ್ಟಿ ಪುರಾವೆ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೂಗೊಂಚಲು ದಟ್ಟವಾಗಿ ಕಟ್ಟಿಕೊಂಡಿರುವ ಕೊನೆಯ ದಿನಗಳಲ್ಲಿ ಕುಂಡವನ್ನು ಸದಾ ತೊಯ್ದಿರುವಂತೆ ಇಡುವುದರಿಂದ ಹಾನಿಯಾಗುವ ಸಂಭವವಿದೆ.

ಬೇರು ಹೀರಿಕೊಂಡ ನೈಟ್ರೇಟ್, ಫಾಸ್ಫೇಟ್, ಪೊಟ್ಯಾಸಿಯಂಗಳು ನೀರಿನೊಂದಿಗೆ ಕ್ಸೈಲಂ ನಾಳಗಳ ಮೂಲಕ ಮೇಲಕ್ಕೇರುತ್ತವೆ. ಎಲೆಯನ್ನು ತಲುಪಿದ ನೈಟ್ರೇಟ್ ಅಮೈನೋ ಆಮ್ಲವಾಗಿ, ಪ್ರೋಟೀನಾಗಿ, ಪತ್ರಹರಿತ್ತಾಗಿ ಮಾರ್ಪಡುತ್ತದೆ. ಫಾಸ್ಫರಸ್ ಜೀವಕೋಶದ ಪೊರೆಗಳಲ್ಲಿಯೂ ಡಿಎನ್‌ಎಯಲ್ಲಿಯೂ ಸೇರಿಹೋಗುತ್ತದೆ. ಮೆಗ್ನೀಸಿಯಂ ಪತ್ರಹರಿತ್ತಿನ ನಡುವೆಯೇ ಕುಳಿತಿರುತ್ತದೆ. ಹೀಗೆ ಗಿಡದ ಮೈಯೇ ಆಗಿಹೋದ ಪೋಷಕಾಂಶಗಳನ್ನು ಬೇರಿನ ಬುಡಕ್ಕೆ ಸುರಿದ ನೀರು ಕೆಳಗೆಳೆದು ಹೊರಹಾಕಲಾರದು, ಏಕೆಂದರೆ ಅಂತಹ ಹಿಂದಾರಿ ಗಿಡದಲ್ಲಿ ಇಲ್ಲ. ಸುರಿದ ನೀರು ಕೊಚ್ಚಿಕೊಂಡು ಹೋಗುವುದು ಕೊಕೊಪೀಟಿನಲ್ಲಿ ಉಳಿದ ಲವಣವನ್ನು ಮಾತ್ರ. ಕುಂಡದ ತಳದಿಂದ ಇಳಿದ ನೀರಿಗೆ, ಕರಗಿದ ಲವಣವನ್ನು ಅಳೆಯುವ ಇ.ಸಿ. ಮೀಟರ್ ಹಿಡಿದಾಗ ಅಂಕಿ ದಿನದಿಂದ ದಿನಕ್ಕೆ ಇಳಿಯುವುದು ನಿಜ. ಆದರೆ ಆ ಅಂಕಿ ಕುಂಡದ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಹೂವಿನದನ್ನಲ್ಲ. ಈ ನಂಬಿಕೆ ಇಷ್ಟು ಗಟ್ಟಿಯಾಗಿ ಬೇರೂರಿರುವುದಕ್ಕೆ ಮೀಟರಿನ ಅಂಕಿಯನ್ನು ತಪ್ಪಾಗಿ ಓದಿದ್ದೇ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ.

ಎಲೆ ಹಳದಿಯಾಗುವುದು ಹಸಿವಿನ ಗುರುತು. ಸಾರಜನಕದ ಪೂರೈಕೆ ನಿಂತೊಡನೆ ಗಿಡವು ತನ್ನ ಹಳೆಯ ಅಗಲವಾದ ಎಲೆಗಳಲ್ಲಿರುವ ಪ್ರೋಟೀನನ್ನು ಒಡೆದು, ಅದರಿಂದ ಬಿಡುಗಡೆಯಾದ ಸಾರಜನಕವನ್ನು ಮೇಲಿನ ಹೂಗೊಂಚಲುಗಳಿಗೆ ಸಾಗಿಸುತ್ತದೆ. ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳೂ ಹೀಗೆಯೇ ಜಾಗ ಬದಲಿಸಬಲ್ಲವು. ಕ್ಯಾಲ್ಸಿಯಂ ಮತ್ತು ಕಬ್ಬಿಣ ಮಾತ್ರ ಸೇರಿದ ಜಾಗದಲ್ಲೇ ಬಹುಮಟ್ಟಿಗೆ ಉಳಿಯುತ್ತವೆ. ಅಂದರೆ ಹಸಿವಿನ ಕಾಲದಲ್ಲಿ ಬರಿದಾಗುವುದು ಎಲೆ, ಗಿಡವು ಕೊನೆಯವರೆಗೂ ಕಾಪಾಡಿಕೊಳ್ಳುವುದು ಹೂವನ್ನು. ಕೊಯ್ಲಾದ ಮೇಲೆ ಕತ್ತರಿಸಿ ಎಸೆಯುವ ಎಲೆಯ ಬಣ್ಣವನ್ನು ತೋರಿಸಿ ಹೂವು ಶುದ್ಧವಾಯಿತೆನ್ನುವ ವಾದ ನಿಲ್ಲುವುದಿಲ್ಲ.

ನಿಮ್ಮ ಊರಿನ ಪಕ್ಕದಲ್ಲೇ ಇರುವ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ 2017ರ ಸ್ನಾತಕೋತ್ತರ ಸಂಶೋಧನೆಯೊಂದು ಈ ಪ್ರಶ್ನೆಯನ್ನು ಪರೀಕ್ಷಿಸಿತು. ಕೊನೆಯ ಹಂತದಲ್ಲಿ ಬರೀ ನೀರು ಕೊಟ್ಟದ್ದರಿಂದ ಹೂವಿನೊಳಗಿನ ಪೋಷಕಾಂಶಗಳು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಅಮೆರಿಕದ ಆರ್‌ಎಕ್ಸ್ ಗ್ರೀನ್ ಟೆಕ್ನಾಲಜೀಸ್ ಎಂಬ ಕಂಪನಿಯು ಚೆರಿ ಡೀಸೆಲ್ ತಳಿಯ ಗಿಡಗಳಿಗೆ 14, 10 ಮತ್ತು 7 ದಿನ ಬರೀ ನೀರು ಕೊಟ್ಟು, ಒಂದು ಗುಂಪಿಗೆ ಕೊನೆಯವರೆಗೂ ಗೊಬ್ಬರ ಮುಂದುವರಿಸಿ ಹೋಲಿಸಿ ನೋಡಿತು. ಇಳುವರಿಯಲ್ಲಾಗಲಿ, ಅಮಲೇರಿಸುವ ಅಂಶವಾದ ಟಿಎಚ್‌ಸಿಯಲ್ಲಾಗಲಿ, ಪರಿಮಳ ಕೊಡುವ ಟರ್ಪೀನುಗಳಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಯಾವುದು ಯಾವ ಗುಂಪಿನದೆಂದು ತಿಳಿಯದೆ ಸವಿದವರು ಒಂದು ದಿನವೂ ತೊಳೆಯದ ಹೂವಿನ ಕಡೆಗೇ ತುಸು ವಾಲಿದರು. ಆ ಕಂಪನಿ ಗೊಬ್ಬರವನ್ನೇ ಮಾರುವುದರಿಂದ ಕೊನೆಯವರೆಗೂ ಗೊಬ್ಬರ ಕೊಡಿ ಎನ್ನುವುದರಲ್ಲಿ ಅದಕ್ಕೆ ಲಾಭವಿದೆ ಎಂಬುದನ್ನು ಮರೆಯಬಾರದು, ತಳಿಯೂ ಒಂದೇ. ಆದರೂ ಎರಡೂ ಪ್ರಯೋಗಗಳು ಸಸ್ಯಶಾಸ್ತ್ರ ಹೇಳುವ ದಿಕ್ಕಿಗೇ ಬೊಟ್ಟು ಮಾಡುತ್ತವೆ.

ಹಾಗೆಂದು ಕೊನೆಯವರೆಗೂ ಗೊಬ್ಬರ ಸುರಿಯುತ್ತಿರಿ ಎಂದು ನಾನು ಹೇಳುತ್ತಿಲ್ಲ. ಈ ನಂಬಿಕೆಯ ಹಿಂದೆ ಒಂದು ನಿಜವಾದ ಅನುಭವ ಇದೆ: ಗೊಬ್ಬರ ಅತಿಯಾದ ಗಿಡದ ಹೂವು ಚೆನ್ನಾಗಿರುವುದಿಲ್ಲ. ಇಸ್ರೇಲಿನ ವೋಲ್ಕಾನಿ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾರಜನಕ ಹೆಚ್ಚಿದಂತೆ ಹೂವಿನಲ್ಲಿ ಟಿಎಚ್‌ಸಿ ಮತ್ತು ಅಮಲೇರಿಸದ ಇನ್ನೊಂದು ಅಂಶವಾದ ಸಿಬಿಡಿಯ ಆಮ್ಲರೂಪಗಳ ಪ್ರಮಾಣ ಇಳಿಯಿತು. ಅದೇ ವರ್ಷ ಗ್ವೆಲ್ಫ್‌ನ ಇನ್ನೊಂದು ತಂಡವು ಮಣ್ಣಿಲ್ಲದ ಮಾಧ್ಯಮದಲ್ಲಿ ಹೂಬಿಡುವ ಹಂತಕ್ಕೆ ಲೀಟರಿಗೆ ಸುಮಾರು 194 ಮಿಲಿಗ್ರಾಂ ಸಾರಜನಕ, 59 ಮಿಲಿಗ್ರಾಂ ಫಾಸ್ಫರಸ್ ಸಾಕೆಂದು ಕಂಡುಕೊಂಡಿತು. ಫಾಸ್ಫರಸ್ ಹೆಚ್ಚಿಸಿದರೆ ಇಳುವರಿಯಾಗಲಿ ಗುಣವಾಗಲಿ ಹೆಚ್ಚುವುದಿಲ್ಲ, ಹೆಚ್ಚುವರಿಯೆಲ್ಲ ಕುಂಡದ ತಳದಿಂದ ಹರಿದುಹೋಗುತ್ತದೆ ಎಂಬುದು ಅಮೆರಿಕದ ಯೂಟಾ ರಾಜ್ಯ ವಿಶ್ವವಿದ್ಯಾಲಯದ ಪ್ರಯೋಗದಿಂದ ತಿಳಿದುಬಂದಿದೆ. ಆದ್ದರಿಂದ ‘ಹೂವು ದಪ್ಪವಾಗಲು’ ಎಂದು ಮಾರುವ ಫಾಸ್ಫರಸ್ ಬಾಟಲಿಯನ್ನು ಕೊಳ್ಳದೆ ಬಿಟ್ಟರೆ, ಅದು ಉಳಿಸಿದ ಲವಣವನ್ನು ತೊಳೆಯುವ ಬಾಟಲಿಯೂ ಬೇಕಾಗುವುದಿಲ್ಲ. ಒಂದೇ ಕಪಾಟಿನಲ್ಲಿ ಎರಡನ್ನೂ ಇಟ್ಟು ಮಾರುವ ಪದ್ಧತಿ ನನಗೆ ಸರಿಕಾಣುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಕೊಯ್ಲಿಗೆ ಹತ್ತು ಹನ್ನೆರಡು ದಿನ ಇರುವಾಗ ಗೊಬ್ಬರದ ದ್ರಾವಣವನ್ನು ಅರ್ಧಕ್ಕೆ ತೆಳುವಾಗಿಸಿ, ಕೊನೆಯ ಕೆಲವು ದಿನ ಇನ್ನೂ ತಗ್ಗಿಸಿ. ಎಲೆಯಲ್ಲಿರುವ ದಾಸ್ತಾನು ಹೂವಿಗೆ ಸಾಕಾಗುತ್ತದೆ. ಇದರಿಂದ ಹೂವು ‘ಶುದ್ಧ’ವಾಗುತ್ತದೆಂದಲ್ಲ, ಗೊಬ್ಬರ ಉಳಿಯುತ್ತದೆ, ಚರಂಡಿಗೆ ಹರಿಯುವ ನೈಟ್ರೇಟೂ ಕಡಿಮೆಯಾಗುತ್ತದೆ. ಕುಂಡ ಹಗುರವಾದದ್ದನ್ನು ಕೈಯಿಂದ ಎತ್ತಿ ನೋಡಿಯೇ ನೀರು ಕೊಡಿ.

ಕುಂಡಕ್ಕೆ ಧಾರಾಳವಾಗಿ ನೀರು ಹಾಯಿಸಬೇಕಾದ ಸಂದರ್ಭವೂ ಉಂಟು. ಎಲೆಯ ತುದಿ ಸುಟ್ಟಂತಾಗಿ, ಕೊಟ್ಟ ದ್ರಾವಣದ ಇ.ಸಿ. 1.8 ಇದ್ದಾಗ ತಳದಿಂದ ಇಳಿದದ್ದು 3ನ್ನೂ ದಾಟಿದ್ದರೆ ಮಾಧ್ಯಮದಲ್ಲಿ ಲವಣ ಕೂಡಿಕೊಂಡಿದೆ ಎಂದರ್ಥ. ಆಗ ಅದು ಯಾವ ವಾರವೇ ಆಗಿರಲಿ, ತೆಳು ಗೊಬ್ಬರದ ನೀರನ್ನು ಹಾಯಿಸಿ ಸರಿಪಡಿಸಬೇಕು, ಕೊಯ್ಲಿನವರೆಗೆ ಕಾಯಬಾರದು. ಕೊಕೊಪೀಟಿನಲ್ಲಂತೂ ಈ ಕೆಲಸ ಸಸಿ ನೆಡುವ ಮೊದಲೇ ಆಗಬೇಕು. ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಸಿಯಂ ಮತ್ತು ಸೋಡಿಯಂ ಸಹಜವಾಗಿಯೇ ಇರುತ್ತವೆ. ಉಪ್ಪುನೀರಿನಲ್ಲಿ ನೆನೆಹಾಕಿದ ಸಿಪ್ಪೆಯಾದರೆ ಇನ್ನಷ್ಟು. ಅದಕ್ಕಾಗಿಯೇ ತಮಿಳುನಾಡು, ಕೇರಳ ಮತ್ತು ನಮ್ಮ ತೆಂಗಿನ ಸೀಮೆಯಿಂದ ಹೊರದೇಶಕ್ಕೆ ಹೋಗುವ ಒಳ್ಳೆಯ ದರ್ಜೆಯ ಕೊಕೊಪೀಟನ್ನು ಸಿಹಿನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ ಹದಮಾಡಿ, ಒಣಗಿಸಿ ಇಟ್ಟಿಗೆಯಾಗಿ ಒತ್ತುತ್ತಾರೆ. ನಿಮ್ಮ ಇಟ್ಟಿಗೆಯ ಪೊಟ್ಟಣದ ಮೇಲೆ ಈ ವಿವರ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಮುಂದಿನ ಸಲ ಒಂದು ಬಕೆಟ್ಟಿನಲ್ಲಿ ನೆನೆಹಾಕಿ, ಇಳಿದ ನೀರಿನ ಇ.ಸಿ. 0.5ರ ಆಸುಪಾಸಿಗೆ ಬರುವವರೆಗೆ ತೊಳೆದು ಬಳಸಿ.

ಇನ್ನು ಗಂಟಲು ಉರಿಯುವ ವಿಷಯ. ಅದರ ಬಹುಪಾಲು ತೀರ್ಮಾನವಾಗುವುದು ಕೊಯ್ದ ನಂತರ. ಕತ್ತಲೆಯ, ಗಾಳಿಯಾಡುವ ಕೋಣೆಯಲ್ಲಿ 18ರಿಂದ 21 ಡಿಗ್ರಿ ಸೆಲ್ಸಿಯಸ್ ತಾಪಮಾನ, 50ರಿಂದ 60 ಶೇಕಡಾ ಆರ್ದ್ರತೆ ಕಾಯ್ದುಕೊಂಡು ಒಂದರಿಂದ ಎರಡು ವಾರ ನಿಧಾನವಾಗಿ ಒಣಗಿಸಿದರೆ ಕೊಯ್ದ ಹೂವಿನ ಜೀವಕೋಶಗಳು ಕೆಲಕಾಲ ಬದುಕಿದ್ದು, ಪತ್ರಹರಿತ್ತು ಮತ್ತು ಸಕ್ಕರೆಗಳು ಒಡೆಯಲು ಸಮಯ ಸಿಗುತ್ತದೆ. ಬಿಸಿಗಾಳಿ ಊದಿ ಎರಡೇ ದಿನದಲ್ಲಿ ಒಣಗಿಸಿದರೆ ಹಸಿರು ಹಾಗೆಯೇ ಉಳಿಯುತ್ತದೆ, ಒಗರೂ ಉಳಿಯುತ್ತದೆ. ಆಮೇಲೆ ಗಾಜಿನ ಡಬ್ಬಿಯಲ್ಲಿ ಹಾಕಿ ಕೆಲವು ವಾರ ಮಾಗಿಸಬೇಕು. ಮೊದಲ ದಿನಗಳಲ್ಲಿ ದಿನಕ್ಕೊಮ್ಮೆ ಮುಚ್ಚಳ ತೆರೆದು ಮೂಸಿ ನೋಡಿ. ಅಮೋನಿಯದಂತಹ ವಾಸನೆ ಬಂದರೆ ತೇವ ಇನ್ನೂ ಹೆಚ್ಚಿದೆ, ಹೊರತೆಗೆದು ಮತ್ತೆ ಆರಹಾಕಿ. ಪ್ರಯೋಗಾಲಯದವರು ಈ ಹದವನ್ನು ನೀರಿನ ಚಟುವಟಿಕೆ ಎಂಬ ಅಳತೆಯಿಂದ ಹೇಳುತ್ತಾರೆ, 0.55ರಿಂದ 0.65ರ ನಡುವೆ ಇದ್ದರೆ ಬೂಷ್ಟು ಬೆಳೆಯುವುದಿಲ್ಲ, ಹೂವು ಪುಡಿಯೂ ಆಗುವುದಿಲ್ಲ.

ಬೂಷ್ಟಿನ ವಿಷಯಕ್ಕೆ ಬಂದೆವಾದ್ದರಿಂದ ಮೊದಲು ಹೇಳಿದ ಹಾನಿಯನ್ನು ವಿವರಿಸುತ್ತೇನೆ. ಬೊಟ್ರೈಟಿಸ್ ಎಂಬ ಬೂದುಬಣ್ಣದ ಶಿಲೀಂಧ್ರವು ದಟ್ಟವಾದ ಹೂಗೊಂಚಲಿನ ಒಳಗಿನಿಂದ ಕೊಳೆ ಹುಟ್ಟಿಸುತ್ತದೆ. ಹೊರಗೆ ಒಂದೇ ಒಂದು ಸಣ್ಣ ಎಲೆ ಕಾರಣವಿಲ್ಲದೆ ಒಣಗಿ ಕಂದಾಗಿ, ಎಳೆದರೆ ಸಲೀಸಾಗಿ ಕಿತ್ತುಬಂದರೆ ಗೊಂಚಲನ್ನು ಬಿಡಿಸಿ ನೋಡಿ, ಒಳಗೆ ಬೂದು ನಾರು ಕಾಣುತ್ತದೆ. ಮನೆಯೊಳಗೆ ಗಿಡ ಬೆಳೆಸುವ ಸಣ್ಣ ಟೆಂಟಿನಲ್ಲಿ ದಿನವೂ ಕುಂಡದ ಮೂರು ಪಟ್ಟು ನೀರು ಸುರಿದರೆ ಆರ್ದ್ರತೆ ಏರಿ ಈ ರೋಗಕ್ಕೆ ದಾರಿಯಾಗುತ್ತದೆ. ಗಾಳಿಯಾಡದ ಬೇರಿಗೆ ಕೊಳೆರೋಗವೂ ತಗಲಬಹುದು. ಕಾಯಿಲೆಯವರು ಬಳಸುವ ಹೂವಿನಲ್ಲಿ ಗೊಬ್ಬರದ ಲವಣಕ್ಕಿಂತ ನಾನು ಹೆಚ್ಚು ಹೆದರುವುದು ಈ ಬೂಷ್ಟಿಗೆ. ಬೂಷ್ಟು ಕಂಡ ಗೊಂಚಲನ್ನು ಉಳಿಸಿಕೊಳ್ಳುವ ಯೋಚನೆ ಬೇಡ.

ಪ್ರಶ್ನೆ: ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು ಮೂರು ಗಿಡ ಬೆಳೆಯಬಹುದಾಗಿದೆ. ತೊಳೆದ ಗಿಡದ ಬೂದಿ ಬೆಳ್ಳಗೆ, ತೊಳೆಯದ್ದರ ಬೂದಿ ಕಪ್ಪಗೆ ಇರುತ್ತದೆಂದು ಇಲ್ಲಿಯ ಗೆಳೆಯರು ಹೇಳುತ್ತಾರೆ. ಬೂದಿ ನೋಡಿ ಗೊಬ್ಬರ ಉಳಿದದ್ದು ಗೊತ್ತಾಗುತ್ತದೆಯೇ?
– ಓದುಗರು, ಮ್ಯೂನಿಕ್

ಉತ್ತರ: ಗೊತ್ತಾಗುವುದಿಲ್ಲ. ಬೂದಿಯ ಬಿಳಿ ಬಣ್ಣ ಬರುವುದೇ ಖನಿಜಗಳಿಂದ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳ ಆಕ್ಸೈಡು ಮತ್ತು ಕಾರ್ಬೊನೇಟುಗಳು ಸುಟ್ಟ ಮೇಲೆ ಉಳಿಯುವ ವಸ್ತುಗಳು. ಕಪ್ಪು ಬಣ್ಣ ಪೂರ್ತಿ ಉರಿಯದೆ ಉಳಿದ ಇಂಗಾಲದ್ದು. ಹಸಿ ಸೌದೆ ಒಲೆಯಲ್ಲಿ ಕಪ್ಪು ಇದ್ದಿಲನ್ನು ಉಳಿಸುವುದಕ್ಕೂ ಒಣ ಸೌದೆ ಬಿಳಿ ಬೂದಿಯಾಗುವುದಕ್ಕೂ ಇದೇ ಕಾರಣ. ಆದ್ದರಿಂದ ಕಪ್ಪು ಬೂದಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಒಣಗಿಸಿದ ಹದವನ್ನು. ಉರಿಯುವ ಗುಣದ ಮೇಲೆ ಖನಿಜಗಳ ಪ್ರಭಾವವಿಲ್ಲವೆಂದಲ್ಲ: ಹೊಗೆಸೊಪ್ಪಿನಲ್ಲಿ ಪೊಟ್ಯಾಸಿಯಂ ಉರಿಯನ್ನು ಸಲೀಸಾಗಿಸುತ್ತದೆ, ಕ್ಲೋರೈಡ್ ಹೆಚ್ಚಾದರೆ ಎಲೆ ಸರಿಯಾಗಿ ಉರಿಯುವುದೇ ಇಲ್ಲ. ಆದರೆ ಅಲ್ಲಿಯೂ ಉಪಾಯ ಗೊಬ್ಬರದ ಆಯ್ಕೆಯಲ್ಲಿದೆ, ಕೊನೆಯ ವಾರದ ನೀರಿನಲ್ಲಿ ಇಲ್ಲ.

ಪ್ರಶ್ನೆ: ಹೂಬಿಟ್ಟ ಗಿಡಗಳಿಗೆ ಬೂದಿ ರೋಗ ಬಂದದ್ದರಿಂದ ಗುಲಾಬಿಗೆಂದು ಇಟ್ಟಿದ್ದ ಮೈಕ್ಲೊಬ್ಯುಟನಿಲ್ ಔಷಧವನ್ನು ಸಿಂಪಡಿಸಿದ್ದೇನೆ. ಮೂರು ವಾರ ಬರೀ ನೀರು ಕೊಟ್ಟರೆ ಅದು ಹೋಗುತ್ತದೆಯೇ?
– ಓದುಗರು, ವ್ಯಾಂಕೂವರ್

ಉತ್ತರ: ಹೋಗುವುದಿಲ್ಲ. ದಯವಿಟ್ಟು ಆ ಗಿಡಗಳ ಹೂವನ್ನು ಬಳಸಬೇಡಿ, ಬೇರೆಯವರಿಗೂ ಕೊಡಬೇಡಿ. ಮೈಕ್ಲೊಬ್ಯುಟನಿಲ್ ಅಂತರ್ವ್ಯಾಪಿ ಔಷಧ; ಎಲೆಯ ಮೇಲೆ ಕೂರದೆ ಗಿಡದ ಒಳಗೆ ಸೇರುತ್ತದೆ. ದ್ರಾಕ್ಷಿ, ಸೇಬುಗಳಂತಹ ಬೆಳೆಗಳಲ್ಲಿ ಇದರ ಬಳಕೆಗೆ ಅನುಮತಿ ಇರುವುದು ಅವನ್ನು ತಿನ್ನುತ್ತೇವೆ ಎಂಬ ಲೆಕ್ಕದ ಮೇಲೆ. ಸುಟ್ಟಾಗ ಇದು ಒಡೆದು ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಹೊರಬರುತ್ತದೆ. ಪರವಾನಗಿ ಪಡೆದ ಬೆಳೆಗಾರರ ವೈದ್ಯಕೀಯ ಗಾಂಜಾದಲ್ಲಿಯೇ ಇದು ಪತ್ತೆಯಾಗಿ, ನಿಮ್ಮ ದೇಶದಲ್ಲಿ 2016ರ ಕೊನೆಯಲ್ಲಿ ಮತ್ತು 2017ರಲ್ಲಿ ಮಾರಿದ ಸರಕನ್ನು ಹಿಂದಕ್ಕೆ ಪಡೆಯಬೇಕಾಗಿ ಬಂದಿತ್ತು. ಆಮೇಲೆ ಕೀಟನಾಶಕಗಳ ಪರೀಕ್ಷೆಯನ್ನು ಕಡ್ಡಾಯಗೊಳಿಸಿದರು. ಮನೆಯ ಗಿಡಕ್ಕೆ ಆ ಪರೀಕ್ಷೆಯ ರಕ್ಷಣೆ ಇಲ್ಲ.

ತೊಳೆಯುವ ನಂಬಿಕೆಯಿಂದಾಗುವ ನಿಜವಾದ ಅಪಾಯ ಇಂತಹ ಕಡೆ. ಏನನ್ನು ಹಾಕಿದರೂ ಕೊನೆಗೆ ನೀರು ಹಾಯಿಸಿದರೆ ಸರಿಹೋಗುತ್ತದೆ ಎಂಬ ಧೈರ್ಯ ಹುಟ್ಟುತ್ತದೆ. ನಮ್ಮ ಮಾವಿನ ತೋಟಗಳಲ್ಲಿ ಬಳಸುವ ಪ್ಯಾಕ್ಲೊಬ್ಯುಟ್ರಜೋಲ್ ಎಂಬ ಬೆಳವಣಿಗೆ ತಗ್ಗಿಸುವ ರಾಸಾಯನಿಕಕ್ಕೂ, ಕಳಪೆ ಫಾಸ್ಫೇಟ್ ಗೊಬ್ಬರದೊಂದಿಗೆ ಬರುವ ಕ್ಯಾಡ್ಮಿಯಂ ಲೋಹಕ್ಕೂ ಇದೇ ಮಾತು ಅನ್ವಯಿಸುತ್ತದೆ. ಗಾಂಜಾ ಮತ್ತು ಹೆಂಪ್ (ನಾರಿಗಾಗಿ ಬೆಳೆಯುವ ಗಾಂಜಾ) ಎರಡೂ ಸೇರಿದ ಜಾತಿಯ ಈ ಗಿಡವು ಮಣ್ಣಿನ ಲೋಹಗಳನ್ನು ಚೆನ್ನಾಗಿ ಹೀರುತ್ತದೆ. ಹೀರಿದ ಮೇಲೆ ಅವು ಒಳಗೇ ಉಳಿಯುತ್ತವೆ. ಮುಂದಿನ ಬೆಳೆಗೆ ಗಿಡಗಳ ನಡುವೆ ಗಾಳಿಯಾಡಲು ಜಾಗ ಬಿಡಿ, ಬೂದಿ ರೋಗದ ಮೊದಲ ಬಿಳಿ ಚುಕ್ಕೆ ಕಂಡೊಡನೆ ಆ ಎಲೆ ತೆಗೆಯಿರಿ, ಪೊಟ್ಯಾಸಿಯಂ ಬೈಕಾರ್ಬೊನೇಟಿನಂತಹ ಔಷಧವನ್ನೂ ಅದರ ಚೀಟಿಯ ಮೇಲೆ ಗಾಂಜಾ ಎಂದು ಬರೆದಿದ್ದರೆ ಮಾತ್ರ ಬಳಸಿ.

ಪ್ರಶ್ನೆ: ನಮ್ಮದು ಹೊಗೆಸೊಪ್ಪಿನ ಬೆಳೆ. ವಿದೇಶದಲ್ಲಿ ಗಾಂಜಾ ಗಿಡವನ್ನು ಕೊಯ್ಲಿಗೆ ಮೊದಲು ನೀರಿನಿಂದ ತೊಳೆಯುತ್ತಾರೆಂದು ಮಗ ಹೇಳಿದ. ಎಲೆ ಮುರಿಯುವ ಮುಂಚೆ ನಾವೂ ಹೊಲಕ್ಕೆ ನೀರು ಬಿಟ್ಟರೆ ಸೊಪ್ಪಿನ ದರ್ಜೆ ಏರುವುದೇ?
– ರೈತರು, ಪಿರಿಯಾಪಟ್ಟಣ

ಉತ್ತರ: ಬೇಡ. ಹುಣಸೂರು, ಪಿರಿಯಾಪಟ್ಟಣ ಕಡೆಯ ಹಗುರ ಕೆಂಪು ಮಣ್ಣಿನಲ್ಲಿ ಬೆಳೆಯುವ ವರ್ಜೀನಿಯಾ ಸೊಪ್ಪಿಗೆ ಬೇಕಾದದ್ದನ್ನು ನೀವು ಆಗಲೇ ಬಲ್ಲಿರಿ: ಎಲೆ ಪಕ್ವವಾಗುವ ಹೊತ್ತಿಗೆ ನೆಲದಲ್ಲಿ ಸಾರಜನಕ ಮುಗಿಯುತ್ತ ಬಂದಿರಬೇಕು. ಸಾರಜನಕ ಮಿಕ್ಕಿದ್ದರೆ ಸೊಪ್ಪು ಹಸಿರಾಗಿಯೇ ನಿಂತು, ಸೊಪ್ಪು ಹದಮಾಡುವ ಬ್ಯಾರನ್ನಿನಲ್ಲಿ ಹಳದಿಗೆ ತಿರುಗಲು ಹಟ ಹಿಡಿಯುತ್ತದೆ. ಗೊಬ್ಬರದ ಪ್ರಮಾಣವನ್ನೂ ಕಾಲವನ್ನೂ ನಾಟಿಯ ದಿನಗಳಲ್ಲೇ ಲೆಕ್ಕ ಹಾಕುವುದರಿಂದ ಈ ಹದ ಬರುತ್ತದೆ; ಮ್ಯೂರಿಯೇಟ್ (ಪೊಟ್ಯಾಸಿಯಂ ಕ್ಲೋರೈಡ್) ಬದಲು ಸಲ್ಫೇಟ್ ಆಫ್ ಪೊಟ್ಯಾಷ್ ಹಾಕಿ ಎನ್ನುವುದೂ ಕ್ಲೋರೈಡ್ ತಪ್ಪಿಸುವುದಕ್ಕಾಗಿಯೇ. ಗಾಂಜಾ ಬೆಳೆಗಾರರು ನಿಮ್ಮಿಂದ ಕಲಿಯಬೇಕಾದ ವಿದ್ಯೆ ಇದು. ಪಕ್ವಕ್ಕೆ ಬಂದ ಸೊಪ್ಪಿನ ಹೊಲಕ್ಕೆ ನೀರು ಬಿಟ್ಟರೆ ಎಲೆ ತೆಳುವಾಗಿ, ತೂಕವೂ ಕಡಿಮೆಯಾಗುತ್ತದೆ. ಎಲೆಯ ಮೇಲಿನ ಅಂಟನ್ನು ತೊಳೆದುಬಿಡುವ ಕೊಯ್ಲಿನ ಕಾಲದ ಜೋರು ಮಳೆಯ ಪರಿಣಾಮವನ್ನು ನೀವೇ ಕಂಡಿದ್ದೀರಿ.

ಪ್ರಶ್ನೆ: ಔಷಧಕ್ಕಾಗಿ ಒಂದೆರಡು ಗಾಂಜಾ ಗಿಡಗಳನ್ನು ನಮ್ಮ ಹಿತ್ತಲಿನಲ್ಲಿಯೂ ಬೆಳೆಸಬಹುದೇ?
– ಓದುಗರು, ಚಾಮರಾಜನಗರ

ಉತ್ತರ: ಬೆಳೆಸಬಾರದು. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಪರವಾನಗಿಯಿಲ್ಲದೆ ಒಂದು ಗಿಡ ಬೆಳೆಸುವುದೂ ಅಪರಾಧ. ಹತ್ತು ವರ್ಷಗಳವರೆಗೆ ಕಠಿಣ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮೇಲಿನ ಉತ್ತರಗಳೆಲ್ಲ ಆಯಾ ದೇಶದ ಕಾನೂನಿಗೆ ಒಳಪಟ್ಟು ಬೆಳೆಯುತ್ತಿರುವವರಿಗೆ. ಕೆನಡಾದಲ್ಲಿಯೂ ಎಲ್ಲೆಡೆ ಒಂದೇ ನಿಯಮವಿಲ್ಲ. ಮನೆಯಲ್ಲಿ ಬೆಳೆಯುವುದಕ್ಕೆ ಕ್ವಿಬೆಕ್ ಪ್ರಾಂತ್ಯ ಹಾಕಿದ ನಿಷೇಧವನ್ನು ಕೆನಡಾದ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಎತ್ತಿಹಿಡಿದಿದೆ.

ಪ್ರಶ್ನೆ: ತಾರಸಿಯಲ್ಲಿ ಹೈಡ್ರೋಪೋನಿಕ್ಸ್ ವಿಧಾನದಿಂದ ಲೆಟ್ಯೂಸ್ ಮತ್ತು ಪಾಲಕ್ ಬೆಳೆಯುತ್ತೇನೆ. ಕೊಯ್ಲಿಗೆ ಮೊದಲು ಪೋಷಕ ದ್ರಾವಣದ ಬದಲು ಬರೀ ನೀರು ಹರಿಸುವುದು ಒಳ್ಳೆಯದೆಂದು ಕೇಳಿದ್ದೇನೆ. ಇದೂ ನಂಬಿಕೆ ಮಾತ್ರವೇ?
– ಓದುಗರು, ಬೆಂಗಳೂರು

ಉತ್ತರ: ಇಲ್ಲ, ಸೊಪ್ಪಿನ ಬೆಳೆಯಲ್ಲಿ ಇದಕ್ಕೆ ಆಧಾರವಿದೆ, ಏಕೆಂದರೆ ಇಲ್ಲಿ ನಾವು ತಿನ್ನುವುದೇ ಎಲೆಯನ್ನು. ಲೆಟ್ಯೂಸ್, ಪಾಲಕ್, ದಂಟು ಮುಂತಾದವು ಬಳಸದೆ ಮಿಕ್ಕ ನೈಟ್ರೇಟನ್ನು ಎಲೆಯ ಕೋಶರಸದಲ್ಲಿ ದಾಸ್ತಾನು ಮಾಡುತ್ತವೆ. ದ್ರಾವಣ ನಿಲ್ಲಿಸಿದ ಕೆಲವು ದಿನಗಳಲ್ಲಿ ಗಿಡ ಆ ದಾಸ್ತಾನನ್ನು ತಾನೇ ಬಳಸಿಕೊಳ್ಳುವುದರಿಂದ ಪ್ರಮಾಣ ಇಳಿಯುತ್ತದೆ. ನೀರು ಅದನ್ನು ತೊಳೆದು ಒಯ್ಯುವುದಿಲ್ಲ. ಹಾಗೆ ಬಳಸಿಕೊಳ್ಳಲು ಬೆಳಕು ಬೇಕು, ಮೋಡ ಕವಿದ ದಿನಗಳಲ್ಲಿ ಬರೀ ನೀರು ಕೊಟ್ಟು ಹೆಚ್ಚು ಪ್ರಯೋಜನವಿಲ್ಲ. ಯುರೋಪ್ ಒಕ್ಕೂಟವು ಹಸಿರುಮನೆಯ ಲೆಟ್ಯೂಸಿಗೆ ಕಿಲೋಗೆ ಬೇಸಗೆಯಲ್ಲಿ 4000, ಚಳಿಗಾಲದಲ್ಲಿ 5000 ಮಿಲಿಗ್ರಾಂ ನೈಟ್ರೇಟ್ ಎಂದು ಎರಡು ಮಿತಿ ಇಟ್ಟಿರುವುದು ಬೆಳಕಿನ ಈ ವ್ಯತ್ಯಾಸದಿಂದಲೇ. ಎರಡು ಮೂರು ದಿನ ಬಿಸಿಲಿರುವ ಸಮಯ ನೋಡಿ ದ್ರಾವಣ ನಿಲ್ಲಿಸಿ, ಮುಂಜಾನೆಯ ಬದಲು ಮಧ್ಯಾಹ್ನದ ನಂತರ ಕೊಯ್ಯಿರಿ. ಅದಕ್ಕಿಂತ ಹೆಚ್ಚು ದಿನ ಬಿಟ್ಟರೆ ಎಲೆ ಹಳದಿಗೆ ತಿರುಗಿ ಬಿರುಸಾಗುತ್ತದೆ. ಚಿಕ್ಕ ಮಕ್ಕಳಿಗೆ ಕೊಡುವ ಪಾಲಕನ್ನು ಬೇಯಿಸಿ ಆ ನೀರನ್ನು ಬಸಿದುಬಿಡಿ. ನೈಟ್ರೇಟಿನ ಒಳ್ಳೆಯ ಪಾಲು ಅದರೊಂದಿಗೆ ಹೋಗುತ್ತದೆ.